ಎಣಿಕೆಗೆ ಸಿಗದ ಹದಿಮೂರನೆಯವಳು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಲು ಕಾರಣ ನನ್ನ ನೆನಪಿನ ಶಕ್ತಿಯಲ್ಲ, ನನ್ನ ಗಂಡನ ಚಟ. ಕೃಷ್ಣಾ ಕಾಲುವೆಯ ಏತ ನೀರಾವರಿ ಪಂಪುಮನೆಯಲ್ಲಿ ಕೆಲಸ ಕಲಿತವರು ಅವರು. ಮೋಟಾರು ಶುರು ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು, ನೀರು ಬಿಟ್ಟ ಹೊತ್ತು ಎಲ್ಲವನ್ನೂ ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯದೆ ಅವರಿಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಅಂದೂ "6.10 ಚಾಲೂ" ಎಂದು ಬರೆದು ಪೆನ್ನಿಗೆ ಟೊಪ್ಪಿಗೆ ಹಾಕುತ್ತಿದ್ದರು. ಗುಡ್ಡದಾಚೆ ಮೊದಲ ಸದ್ದಾಯಿತು.

ಆ ಗುಡ್ಡ ನಮ್ಮ ಶಹಾಪುರದ್ದಲ್ಲ. ಪೂರ್ವ ಕಾಂಗೋದಲ್ಲಿ, ಒಂದು ದೊಡ್ಡ ಸರೋವರದ ದಂಡೆಯ ಪಟ್ಟಣದ ಹೊರಗಿನದು. ಅಲ್ಲಿ ಭಾರತದಿಂದ ಹೋಗಿ ಎರಡು ತಲೆಮಾರು ಕಳೆದಿದ್ದ ಒಬ್ಬ ವ್ಯಾಪಾರಿಯ ತರಕಾರಿ ತೋಟವಿತ್ತು. ರಾಯಚೂರಿನಲ್ಲಿ ಕೃಷಿ ಪದವಿ ಓದಿದ ನಾನು ಮೆಣಸಿನ ಸಸಿ, ಟೊಮೆಟೊ ಸಸಿ ನೋಡಿಕೊಳ್ಳುತ್ತಿದ್ದೆ. ನಮ್ಮವರು ಪಂಪು, ಪೈಪು ನೋಡಿಕೊಳ್ಳುತ್ತಿದ್ದರು. ತೋಟದ ಸಾಲುಮನೆಗಳಲ್ಲಿ ಹನ್ನೊಂದು ಮಂದಿ ಕೆಲಸಗಾರರು. ಬಹಳಷ್ಟು ಜನ ಹಿಂದಿನ ಯಾವುದೋ ಗಲಾಟೆಯಲ್ಲಿ ಊರು ಬಿಟ್ಟು ಬಂದವರು. ನಾವಿಬ್ಬರೂ ಸೇರಿ ಹದಿಮೂರು.

ಆ ಹದಿಮೂರಕ್ಕೂ ಒಂದು ಕಥೆಯಿದೆ. ಸಸಿಗಳನ್ನು ಇಪ್ಪತ್ತೈದಕ್ಕೊಂದರಂತೆ ಕಟ್ಟು ಕಟ್ಟುವಾಗ ನಾನು ನಮ್ಮೂರಿನ ಹೆಂಗಸರ ಹಾಗೆ ರಾಗ ಹಾಕಿ ಎಣಿಸುತ್ತಿದ್ದೆ. ಅದನ್ನು ಕೇಳಿ ಕೇಳಿ ಅವರಿಗೂ ಕನ್ನಡದಲ್ಲಿ ಇಪ್ಪತ್ತೈದರವರೆಗೆ ಬಾಯಿಪಾಠವಾಯಿತು. ನಮ್ಮವರು ಇದೇ ಸಂದು ನೋಡಿ ಕಾಲುವೆ ಕೂಲಿಯವರ ಹಾಜರಿ ಪದ್ಧತಿಯನ್ನು ಅಲ್ಲಿ ಶುರು ಮಾಡಿಬಿಟ್ಟರು. ಮುಂಜಾನೆ ಎಲ್ಲರೂ ಸಾಲಾಗಿ ನಿಂತು ತಮ್ಮ ತಮ್ಮ ಅಂಕಿ ಕೂಗಬೇಕು. "ಒಂದು" ಎನ್ನುವುದು ನಮ್ಮವರು. ಕೊನೆಗೆ "ಹದಿಮೂರು!" ಎಂದು ಕೂಗಿ ಚಪ್ಪಾಳೆ ಹೊಡೆಯುವವಳು ಸಸಿಮಡಿಯ ಮೇಸ್ತ್ರಿ. ನನಗಿಂತ ಹತ್ತು ವರ್ಷ ದೊಡ್ಡವಳು, ಎರಡು ಪಟ್ಟು ದಪ್ಪ, ನಕ್ಕರೆ ಪಕ್ಕದ ತೋಟದ ನಾಯಿ ಬೊಗಳಬೇಕು. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳೂ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು, ಅದು ನನ್ನ ಹೆಸರೆಂದು ತಿಳಿದು.

ಉತ್ತರದಿಂದ ಬಂಡುಕೋರರು ಊರೂರು ಹಿಡಿಯುತ್ತ ಬರುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಪೇಟೆಯಲ್ಲಿ ಕೇಳಿದರೆ "ಇನ್ನೂ ದೂರ" ಎನ್ನುತ್ತಿದ್ದರು. ಗುಡ್ಡದಾಚೆ ಒಂದು ಕಲ್ಲುಗಣಿಯಿತ್ತು. ಅಲ್ಲಿ ಆಗಾಗ ಬಂಡೆ ಒಡೆಯುತ್ತಿದ್ದರು. ಹಾಗಾಗಿ ಮೊದಲ ಸದ್ದು ಕೇಳಿದಾಗ ನಾನು ಹೆದರಲಿಲ್ಲ. ನಾನು ಮಾಡಿದ್ದು ನನ್ನ ತವರೂರು ದೇವಾಪುರದ ಯಾವ ಹುಡುಗಿಯಾದರೂ ಮಾಡುವ ಕೆಲಸ. ಎಣಿಸಲು ಶುರು ಮಾಡಿದೆ.

ನಾನು ಸಣ್ಣವಳಿದ್ದಾಗ ನಮ್ಮೂರ ಪಕ್ಕದಲ್ಲಿ ಕಾಲುವೆ ಅಗೆಯುತ್ತಿದ್ದರು. ಸುರಪುರದ ಕಡೆಯದೆಲ್ಲ ಬಂಡೆಗಲ್ಲು. ತೂತು ಕೊರೆದು, ಮದ್ದು ತುಂಬಿ ಸಿಡಿಸಬೇಕು. ಅದಕ್ಕೆ ನಮ್ಮಲ್ಲಿ ಸುರಂಗ ಹಾರಿಸುವುದು ಎನ್ನುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಂಪು ನಿಶಾನಿ ಹಿಡಿದ ಒಬ್ಬಾತ ಸೀಟಿ ಊದುತ್ತ ಓಣಿಯೊಳಗೆ ಬರುತ್ತಿದ್ದ. "ಇವತ್ತ ಇಪ್ಪತ್ತೊಂದ! ಇಪ್ಪತ್ತೊಂದ! ಒಳಗ ನಡೀರಿ!" ಎಂದು ಸಾರುತ್ತಿದ್ದ. ನಾವು ಮಕ್ಕಳೆಲ್ಲ ಹಗ್ಗದ ಹೊರಸಿನ ಕೆಳಗೆ. ಸೀಟಿ ಕೇಳಿದರೆ ಕೋಳಿಗಳು ಕೂಡ ತಾವಾಗಿ ಒಳಗೆ ಬರುತ್ತಿದ್ದವು. ಇಪ್ಪತ್ತೊಂದು ಸದ್ದು ಎಣಿಸಬೇಕು. ಆಮೇಲೂ ಅವ್ವ ಎರಡು ರೊಟ್ಟಿ ಬೇಯಿಸಿ ಮುಗಿಸುವತನಕ ಕಾಯಬೇಕು. ಎರಡನೆಯ ರೊಟ್ಟಿ ಬುಟ್ಟಿಗೆ ಬಿದ್ದರೆ, "ಆತು, ಹಾಳಾಗಿ ಹೋಗ್ರಿ ಹೊರಗ" ಎಂದು ಅಪ್ಪಣೆ. ಒಂದು ಸದ್ದು ಕಡಿಮೆ ಬಂತೋ, ಸಿಡಿಯದ ಮದ್ದು ಎಲ್ಲೋ ಒಂದು ತೂತಿನಲ್ಲಿ ಕೂತಿದೆ ಎಂದರ್ಥ. ಆಗ ನಿಶಾನಿಯವನೇ ಬಂದು ಹೇಳುವತನಕ ಹೊಸ್ತಿಲು ದಾಟುವಂತಿಲ್ಲ.

ಕಾಂಗೋದ ಆ ಮುಂಜಾನೆ ಹದಿನೇಳು ಸದ್ದು ಎಣಿಸಿದೆ. ಸಾಲುಮನೆಯವರೆಲ್ಲ ನನ್ನ ಅಡುಗೆಮನೆಯ ಗೋಡೆಗೆ ಒತ್ತಿ ಕೂತಿದ್ದರು. ಹದಿನೇಳಕ್ಕೆ ನಿಂತಿತು. ಎರಡು ರೊಟ್ಟಿಯ ಹೊತ್ತು ಕಾದೆ. ನಂತರ ಎದ್ದು, ಸೀರೆಯ ಮಣ್ಣು ಕೊಡವಿ, ಪದವೀಧರೆಯ ಗತ್ತಿನಿಂದ ಹೇಳಿದೆ: "ಮುಗಿಯಿತು. ಗಣಿಯದು. ಹೋಗಿ ಕೆಲಸ ನೋಡಿಕೊಳ್ಳಿ."

ಎಷ್ಟು ಎಂದು ಮೊದಲೇ ಸಾರಲು ಅಲ್ಲಿ ಯಾರೂ ನಿಶಾನಿ ಹಿಡಿದು ಬಂದಿರಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ.

ಅಕ್ಕನ ತಾಯಿ ಕೆಳಗಿನ ಓಣಿಯಲ್ಲಿದ್ದಳು, ಕಿವುಡಿ. "ಮುಗಿಯಿತಲ್ಲ, ಮುದುಕಿಯನ್ನು ನೋಡಿ ಬರುತ್ತೇನೆ" ಎಂದು ಅಕ್ಕ ಬುಟ್ಟಿ ತಲೆಯ ಮೇಲಿಟ್ಟು ಹೊರಟಳು. ಅವಳು ಗೇಟು ದಾಟಿ ಇಳಿಜಾರು ಇಳಿದಿರಬಹುದು, ಹದಿನೆಂಟನೆಯದು ಬಿತ್ತು. ಗುಡ್ಡದ ಈಚೆಗೆ.

ಮುಂದಿನದು ತುಂಡು ತುಂಡಾಗಿ ನೆನಪಿದೆ. ಕೆಳಗಿನ ಓಣಿಗೆ ಹೋಗುವ ದಾರಿಗೆ ಅಡ್ಡಲಾಗಿ ಸೈನಿಕರ ಲಾರಿ ನಿಂತಿತ್ತು. ಅಲ್ಲಿಂದ ಜನ ಹಾಸಿಗೆ, ಕುರಿ, ಹೊಲಿಗೆ ಮಷಿನು ಹೊತ್ತು ಮೇಲಕ್ಕೆ ಓಡಿ ಬರುತ್ತಿದ್ದರು. ನಾನು ಅಕ್ಕ, ಅಕ್ಕ ಎಂದು ಕೂಗಿದೆ. ಕೂಗುತ್ತ ಎರಡು ಹೆಜ್ಜೆ ಇಳಿದದ್ದೂ ಉಂಟು. ನಮ್ಮವರು ನನ್ನ ರಟ್ಟೆ ಹಿಡಿದು ಎಳೆದರು. "ಆಕಿ ಬರ್ತಾಳ, ನಡಿ. ಹತ್ತು ಮಂದಿ ನಿನ್ನ ಮಾರಿ ನೋಡಾಕತ್ತಾರ."

ನೆರೆಯ ದೇಶದ ಗಡಿ ಅಲ್ಲಿಂದ ಮುಕ್ಕಾಲು ತಾಸಿನ ನಡಿಗೆ. ಅಂದು ಮಧ್ಯಾಹ್ನವೇ ಆಯಿತು. ದಾರಿಯುದ್ದಕ್ಕೂ ನಮ್ಮವರು ಹಾಜರಿ ಕೂಗಿಸುತ್ತಿದ್ದರು. ಅಷ್ಟು ಜನಜಂಗುಳಿಯಲ್ಲಿ ಹನ್ನೆರಡು ಮಂದಿ ಕನ್ನಡದಲ್ಲಿ ಅಂಕಿ ಕೂಗುತ್ತ ಹೋದದ್ದನ್ನು ನೋಡಿದವರು ನಮ್ಮನ್ನು ಯಾವುದೋ ಭಜನೆಯವರು ಎಂದುಕೊಂಡಿರಬೇಕು. ಹತ್ತು, ಹನ್ನೊಂದು, ಹನ್ನೆರಡು. ಆಮೇಲೆ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಿದ್ದರು, ಚಪ್ಪಾಳೆಗೆ ಕಾದವರಂತೆ.

ಕೈಗೆ ಸಿಕ್ಕಿದ್ದನ್ನು ಹಿಡಿದು ಬಂದಿದ್ದೆವು. ನಮ್ಮವರ ಬಗಲಲ್ಲಿ ಪಂಪಿನ ಪುಸ್ತಕ. ನನ್ನ ಕೈಯಲ್ಲಿ ಜೋಳದ ಹಿಟ್ಟಿನ ಡಬ್ಬಿ. ನಗಬೇಡಿ, ನಮ್ಮ ಮನೆತನದಲ್ಲಿ ಮುಖ್ಯ ಕಾಗದಪತ್ರ ಯಾವಾಗಲೂ ಹಿಟ್ಟಿನ ಡಬ್ಬಿಯ ತಳದಲ್ಲಿ. ಗಡಿಯ ಅಧಿಕಾರಿ ನಮ್ಮ ಪಾಸ್‌ಪೋರ್ಟು ತೆರೆದು ಮೇಜಿಗೆ ಬಡಿದ. ಬಿಳಿ ಪುಡಿ ಮೋಡದಂತೆ ಎದ್ದು ಅವನ ಮೀಸೆಯ ಮೇಲೆ ಕೂತಿತು. ಅವನು ಏನು ಊಹಿಸಿದನೋ, ಇಬ್ಬರು ಬಂದೂಕಿನವರು ಓಡಿ ಬಂದರು. ನಮ್ಮವರು ತಡಮಾಡದೆ ಒಂದು ಚಿಟಿಕೆ ಹಿಟ್ಟು ಬಾಯಿಗೆ ಹಾಕಿಕೊಂಡು ಚಪ್ಪರಿಸಿ ತೋರಿಸಿದರು. ಅಧಿಕಾರಿಯೂ ನೆಕ್ಕಿ ನೋಡಿದ. ಮುಖ ಕಿವುಚಿ ಮುದ್ರೆ ಒತ್ತಿದ. ಆ ದಿನ ನಾನು ನಕ್ಕದ್ದು ಅದೊಂದೇ ಸಲ, ಅದೂ ಅಳುತ್ತ.

ನಾವು ದಾಟಿದ ಸ್ವಲ್ಪ ಹೊತ್ತಿಗೆ ಗಡಿ ಮುಚ್ಚಿದರು. ಸಂಜೆಗೆ ಪಟ್ಟಣ ಬಂಡುಕೋರರ ಕೈಸೇರಿತ್ತು.

ಮಾಲೀಕರು ಟಿಕೆಟ್ ಮಾಡಿಸಿ ನಮ್ಮಿಬ್ಬರನ್ನು ಕಳಿಸಿದರು. ಉಳಿದ ಹತ್ತು ಮಂದಿ ಗಡಿಯ ಆಚೆಗಿನ ಬಯಲಿನಲ್ಲಿ ಡೇರೆ ಸಿಗುತ್ತದೆಂದು ಸಾಲಿನಲ್ಲಿ ನಿಂತರು. ನಮ್ಮ ಬಳಿ ಹಾರಿಬರಲು ಒಂದು ದೇಶವಿತ್ತು. ಅವರ ಮುಂದೆ ಆ ಮಾತು ಆಡಲು ನಾಚಿಕೆಯಾಗಿ, ಹಿಟ್ಟಿನ ಡಬ್ಬಿಯನ್ನು ಅಲ್ಲೇ ಕೊಟ್ಟು ಬಂದೆ.

ಭೀಮರಾಯನಗುಡಿಯ ಕಾಲುವೆ ನೌಕರರ ಕ್ಯಾಂಪಿನಲ್ಲಿ ನಮ್ಮತ್ತೆಯ ಮನೆ. ಮಾವನವರು ಇದ್ದಾಗ ಕಾಲುವೆಯ ಗೇಟು ನೋಡಿಕೊಳ್ಳುತ್ತಿದ್ದರು. ಅತ್ತೆ ಹೊಸ್ತಿಲಲ್ಲೇ ನಮ್ಮನ್ನು ನಿಲ್ಲಿಸಿ, ರೊಟ್ಟಿ ನಿವಾಳಿಸಿ ನಾಯಿಗೆ ಎಸೆದು, "ಮೈಯಾಗ ಗುಂಡು ಗಿಂಡು ಇಲ್ಲಲ್ಲ? ಹಂಗಾದ್ರ ಕೈಕಾಲ ತೊಳಕೊಳ್ರಿ" ಎಂದರು. ಅತ್ತೆಯ ಪ್ರೀತಿ ಇರುವುದೇ ಹಾಗೆ.

ಆದರೆ ನಿದ್ದೆ ಮಾತ್ರ ಗಡಿಯ ಆಚೆಗೇ ಉಳಿದಿತ್ತು. ಒಂದು ತಾಸು ಕಣ್ಣು ಮುಚ್ಚಿದರೆ ಹೆಚ್ಚು. ಎಲ್ಲಿ ಏನು ಸದ್ದಾದರೂ ಇಬ್ಬರೂ ಎಣಿಸುತ್ತಿದ್ದೆವು. ಟ್ರ್ಯಾಕ್ಟರಿನ ಟ್ರಾಲಿ ಕುಲುಕಿದರೆ ಎಣಿಕೆ, ಮದುವೆಯ ಪಟಾಕಿಗೆ ಎಣಿಕೆ, ಪಕ್ಕದ ಮನೆಯವರು ಕೌದಿ ಬಡಿದರೆ ಎಣಿಕೆ. ಒಂದು ದಿನ ಕುಕ್ಕರು ಸೀಟಿ ಹೊಡೆಯುವಾಗ ನಾವಿಬ್ಬರೂ ಒಟ್ಟಿಗೆ "ಮೂರು, ನಾಲ್ಕು" ಎಂದು ಗುನುಗುತ್ತಿದ್ದದ್ದನ್ನು ಅತ್ತೆ ಕೇಳಿಸಿಕೊಂಡರು.

"ಇಬ್ಬರೂ ಕೂಡಿ ಎಣಸಾಕತ್ತೀರಲ್ಲ, ಒಬ್ಬರಾದ್ರೂ ಎದ್ದು ಒಲಿ ಆರಸಬಾರದೇನು? ಬ್ಯಾಳಿ ಹತ್ತಿ ಹೋತು!"

ಔಷಧಿಗೆ ಕೊರತೆಯಿರಲಿಲ್ಲ. ಎದುರುಮನೆಯವರು ಹಾಲಿಗೆ ಜಾಜಿಕಾಯಿ ತೇಯ್ದು ತಂದರು. ಒಬ್ಬರು ದರ್ಗಾದ ದಾರ ಕಟ್ಟಿದರು, ಇನ್ನೊಬ್ಬರು ಮಠದ ಬೂದಿ, ಮತ್ತೊಬ್ಬರು ಹನುಮಪ್ಪನ ಗುಡಿಯ ತಾಯಿತ. ನಾನು ಓದಿದವಳೆಂದು ಬೇಡ ಎಂದೆ. ನಮ್ಮವರಿಗೆ ಇಲ್ಲವೆನ್ನಲು ಬಾರದು. ಎಲ್ಲವೂ ಅವರ ಕೈಗೇ ಬಿದ್ದು, ಮುಂಗೈಯಿಂದ ಮೊಣಕೈವರೆಗೆ ಸರ್ವಧರ್ಮದ ದಾರಗಳಾದವು. ಯಾದಗಿರಿಯ ವೈದ್ಯರು ಗುಳಿಗೆ ಬರೆದುಕೊಟ್ಟು, "ಮನಸ್ಸಿನಾಗ ಏನು ಉಳದದ, ಅದನ್ನ ಮಾತಾಡ್ರಿ" ಎಂದರು. ಮನಸ್ಸಿನಲ್ಲಿ ಉಳಿದದ್ದು ಒಂದೇ. ಹನ್ನೆರಡರ ನಂತರದ ಆ ಮೌನ. ನಾನು "ಮುಗಿಯಿತು" ಎನ್ನದಿದ್ದರೆ ಅವಳು ಗೇಟು ದಾಟುತ್ತಿರಲಿಲ್ಲ. ಇದನ್ನು ಗಂಡನಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಅದೇ ದಿನ ಯಾದಗಿರಿಯ ಮಾರ್ಕೆಟ್ಟಿಗೆ ಹೋಗಿದ್ದೆವು, ಬೀಜಕ್ಕೆಂದು. ನಾವು ಎಲ್ಲಿಂದ ಬಂದವರೆಂದು ಅಷ್ಟರಲ್ಲಿ ಜಿಲ್ಲೆಗೆಲ್ಲ ಗೊತ್ತಾಗಿತ್ತು. ತೊಗರಿ ವ್ಯಾಪಾರಿಯೊಬ್ಬರು ಗಾದಿಯಿಂದಲೇ ಕರೆದರು.

"ಬರ್ರಿ ಬರ್ರಿ, ಚಹಾ ಕುಡೀರಿ. ಅಲ್ಲಿ ಗುಂಡು ಹಾರಾಕತ್ಯಾವಲ್ಲ, ಹಂಗಾದ್ರ ಆಫ್ರಿಕಾದ ತೊಗರಿ ಈ ಸಲ ಬರೂದಿಲ್ಲೇನ್ರಿ? ನಮ್ಮ ತೊಗರಿ ಏರ್ತದೇನ್ರಿ?"

"ಅಲ್ಲಿಂದ ತೊಗರಿ ಬರೂದಿಲ್ರಿ. ಅದು ಬ್ಯಾರೆ ದೇಶದಿಂದ ಬರ್ತದ, ಭಾಳ ದೂರ" ಎಂದೆ.

"ಎಲ್ಲಾ ಆಫ್ರಿಕಾನೇ ಅಲ್ಲೇನ್ರಿ?"

ನಮ್ಮವರು ಕಪ್ಪಿನ ಚಹಾ ಬಸಿಗೆ ಸುರಿಯುತ್ತ ಕೇಳಿದರು, "ಸಾಹುಕಾರ್ರ, ಕಾಶ್ಮೀರದಾಗ ಗುಂಡು ಹಾರಿದ್ರ ನೀವು ಇಲ್ಲಿ ಅಂಗಡಿ ಮುಚ್ಚತೀರೇನ್ರಿ?"

"ಇಲ್ಲ್ರಿ. ಆದ್ರ ರೇಟು ಏರಸತೀವಿ!" ಎಂದು ಅವರು ತಾವೇ ತೊಡೆ ತಟ್ಟಿ ನಕ್ಕರು.

ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ದೂರದೂರದಿಂದ ನಮ್ಮ ತೋಟದ ಜನ ಫೋನಿನಲ್ಲಿ ಹೇಳುತ್ತಿದ್ದದ್ದೂ ಅದೇ. ಗಡಿ ಒಂದು ದಿನ ತೆರೆದರೆ ಎರಡು ದಿನ ಮುಚ್ಚುತ್ತಿತ್ತು. ಆ ಕಡೆಯ ಆಲೂಗಡ್ಡೆ, ಅವರೆ ಈ ಕಡೆಗೆ ಬರದೆ, ಈ ಕಡೆಯ ಸಾಬೂನು, ಉಪ್ಪು ಆ ಕಡೆಗೆ ಹೋಗದೆ ಎರಡೂ ಸಂತೆ ಕೆಟ್ಟವು. ಸರೋವರದ ದೋಣಿಗಳು ನಿಂತವು. ನೆರೆಯ ದೇಶದವರೇ ಬಂಡುಕೋರರಿಗೆ ಬೆನ್ನುಕೊಟ್ಟಿದ್ದಾರೆಂದು ಒಬ್ಬರು, ಸುಳ್ಳೆಂದು ಇನ್ನೊಬ್ಬರು. ಗಡಿಯ ಗುಂಟ ಸೈನ್ಯ ಬಂದು ಕೂತಿತು. ನಮ್ಮ ತೋಟದ ಆರನೆಯವನು ಮತ್ತು ಏಳನೆಯವಳು ಡೇರೆಯಲ್ಲಿ. ಅಕ್ಕತಂಗಿಯರಾದ ಎಂಟು, ಒಂಬತ್ತು ಮೂರನೆಯ ದೇಶದ ಬಂಧುಗಳ ಮನೆಯಲ್ಲಿ. ಲಾರಿ ಓಡಿಸುತ್ತಿದ್ದ ನಾಲ್ಕನೆಯವನು ಗಡಿ ಸುತ್ತಿ ಸರೋವರದ ದಕ್ಷಿಣ ತುದಿಯಲ್ಲಿ. ಕಾಲುವೆ ಒಂದು ಕಡೆ ಒಡೆದರೆ ಕಟ್ಟಕಡೆಯ ಹೊಲದವನಿಗೂ ಗೊತ್ತಾಗುತ್ತದಲ್ಲ, ಹಾಗೆ.

ಅಕ್ಕನ ಸುದ್ದಿ ಮಾತ್ರ ಯಾರ ಬಳಿಯೂ ಇರಲಿಲ್ಲ. ಅವಳ ಫೋನು ಸತ್ತೇ ಹೋಗಿತ್ತು. ಆದರೂ ನಾನು ದಿನಾ ಹತ್ತು ಸಲ ಅದೇ ಸಂಖ್ಯೆ ಒತ್ತುತ್ತಿದ್ದೆ.

ದೀಪಾವಳಿ ಹತ್ತಿರ ಬಂದಾಗ ಪಟಾಕಿಗೆ ಅಂಜಿ ತವರಿಗೆ ಹೋದೆ. ದೇವಾಪುರದಲ್ಲಿ ಪಟಾಕಿ ಕಡಿಮೆಯೇನಲ್ಲ, ಆದರೆ ಅವ್ವನ ಹೊರಸು ಇತ್ತು. ಅಲ್ಲಿ ಕಟ್ಟೆಯ ಮೇಲೆ ಕಂಡವನು ಹಳೆಯ ನಿಶಾನಿಯವನು. ಈಗ ಹಲ್ಲಿಲ್ಲದ ಮುದುಕ, ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ತಿನ್ನುತ್ತಿದ್ದ. ಎದುರು ಕೂತು, ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದೆ. ಹದಿನೇಳು, ಎರಡು ರೊಟ್ಟಿಯ ಹೊತ್ತು, "ಮುಗಿಯಿತು" ಎಂದದ್ದು, ಎಲ್ಲ. ಕೊನೆಗೆ ಕೇಳಿದೆ, "ಮುತ್ಯಾ, ನಿನ್ನ ಎಣಿಕಿ ಎಂದಾರ ತಪ್ಪಿತ್ತೇನು?"

ಮುದುಕ ಕುಟ್ಟುವುದನ್ನು ನಿಲ್ಲಿಸಿದ. "ನಾ ಎಲ್ಲಿ ಎಣಸ್ತಿದ್ನೆವ್ವ? ನನಗ ಇಪ್ಪತ್ತರ ಮ್ಯಾಲ ಬರ್ತಿದ್ದಿಲ್ಲ."

"ಮತ್ತ ಇಪ್ಪತ್ತೊಂದ ಅಂತ ಒದರ್ತಿದ್ದಿ?"

"ಗುತ್ತೇದಾರನ ಮುಕಾದಮ ಹೇಳ್ತಿದ್ದ, ನಾ ಒದರ್ತಿದ್ದೆ. ನಿಮ್ಮಂಥ ಚೋಟುದ್ದ ಹುಡುಗರು ಹೊರಸಿನ ಬುಡಕ ಸುಮ್ಮನ ಕುಂದರಬೇಕಲ್ಲ, ಅದಕ್ಕ ಆ ಎಣಿಕಿ! ಎಣಿಸೂದ್ರಿಂದ ಮದ್ದು ಸಿಡೀತದೇನು, ಉಳೀತದೇನು?"

ಮೂವತ್ತು ವರ್ಷ ನಂಬಿದ ಶಾಸ್ತ್ರ!

"ಮತ್ತ ಒಂದು ಸಿಡೀಲಿಲ್ಲ ಅಂದ್ರ ಏನ ಮಾಡ್ತಿದ್ದಿ?"

"ಮದ್ದು ತೋಯಿಸಾಕ ಕೊಡ ನೀರು ತಗೊಂಡು ಹೋಗಿ ಒಂದೊಂದು ತೂತನ್ಯಾಗೂ ಹಣಕಿ ನೋಡ್ತಿದ್ದೆ. ಎಲ್ಲಿ ಅದ ಅಂತ ಹುಡುಕಬೇಕವ್ವ. ಕುಂತಲ್ಲೆ ಕುಂತು ಎಣಸಿದ್ರ ಅದು ತಾನ ಬಂದು ಇಲ್ಲಿ ಅದೀನಿ ಅಂತದೇನು?" ಎಂದವನು ಅಡಿಕೆಯ ಪುಡಿ ಬಾಯಿಗೆ ಹಾಕಿಕೊಂಡು, "ಏಟು ಓದಿದಿ ನೀ?" ಎಂದು ಕೇಳಿದ. ಪದವಿ ಎಂದೆ. "ಹೂಂ" ಎಂದ. ಆ ಹೂಂನಲ್ಲಿ ನನ್ನ ಓದಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿತು.

ಮರುದಿನವೇ ಕ್ಯಾಂಪಿಗೆ ಮರಳಿದೆ. ಗಂಡನ ಮುಂದೆ ಎಲ್ಲ ಹೇಳಿಕೊಂಡೆ. ಅವರು ಪಂಪಿನ ಪುಸ್ತಕದಲ್ಲಿ ಹೊಸ ಹಾಳೆ ತೆಗೆದರು. ಒಂದರಿಂದ ಹದಿಮೂರು ಬರೆದರು. ಯಾರು ಯಾವ ಊರಲ್ಲಿ, ಯಾರ ಫೋನು ಯಾವ ಹೊತ್ತಿಗೆ ಸಿಗುತ್ತದೆ ಎಂದು ಎದುರಿಗೆ ನಮೂದಿಸಿದರು. ಸತ್ತ ಸಂಖ್ಯೆ ಒತ್ತುವುದನ್ನು ಬಿಟ್ಟು ಉಳಿದ ಹತ್ತು ಮಂದಿಗೆ ಕೆಲಸ ಹಚ್ಚಿದೆವು. ಡೇರೆಯವರು ಡೇರೆಯ ನೀರಿನ ಸಾಲಿನಲ್ಲಿ, ಅಕ್ಕತಂಗಿಯರು ಸಂತೆಯಲ್ಲಿ, ಲಾರಿಯವನು ದೋಣಿಕಟ್ಟೆಯಲ್ಲಿ. ಕೇಳುವುದು ಹೇಗೆ? ಹೆಸರು ಹೇಳಿ ಹುಡುಕಿದರೆ ಆ ದಿನಗಳಲ್ಲಿ ಎಲ್ಲರೂ ಅನುಮಾನದಿಂದ ನೋಡುತ್ತಿದ್ದರು. ಹೆಸರಿನಿಂದಲೇ ಯಾವ ಕುಲ, ಯಾವ ಪಕ್ಷ ಎಂದು ಅಳೆಯುತ್ತಿದ್ದರು. ನಮ್ಮವರೇ ಉಪಾಯ ಹೇಳಿದರು. "ಹಾಜರಿ ಒದರಂತ ಹೇಳು. ಹನ್ನೆರಡರತನ ಒದರಿ ನಿಂದರ್ಲಿ. ಆಕಿ ಅಲ್ಲಿದ್ರ ಸುಮ್ಮನ ಇರ್ತಾಳೇನು?"

ಅತ್ತೆ ಅಕ್ಕಿ ಆರಿಸುತ್ತ ಕೇಳಿಸಿಕೊಂಡು, "ಅಲ್ಲಿ ಮಂದಿ ಕನ್ನಡದಾಗ ಎಣಿಕಿ ಒದರತಾರ, ಇಲ್ಲಿ ಇಂಗ್ಲಿಷ್ ಸಾಲಿಗೆ ಹೋಗೋ ನನ್ನ ಮಗಳ ಮಕ್ಕಳಿಗೆ ಬರೂದಿಲ್ಲ" ಎಂದರು.

ವಾರಗಳು ಕಳೆದವು. ಬದುಕು ನಡೆದೇ ಇತ್ತು. ಕಾಲುವೆಯ ಕಟ್ಟಕಡೆಗೆ ನಮ್ಮದು ಎರಡು ಎಕರೆ. ಮೆಣಸಿನ ಸಸಿ ಹಚ್ಚಿದೆವು. ಕೂಲಿಗೆ ಬಂದ ಹೆಂಗಸರು ಕಟ್ಟು ಬಿಚ್ಚಿ ಎಣಿಸುವಾಗ ಹದಿಮೂರು ಬಂದ ಕೂಡಲೇ ನಾನು ಮುಖ ತಿರುಗಿಸುತ್ತಿದ್ದೆ. ಅವರು ಅದನ್ನು ಗಮನಿಸಿ, ನನ್ನನ್ನು ಕಾಡಲೆಂದೇ ಆ ಅಂಕಿಯನ್ನು ಇನ್ನಷ್ಟು ಜೋರಾಗಿ ಕೂಗುತ್ತಿದ್ದರು.

ಒಂದು ಮಧ್ಯಾಹ್ನ ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿದ್ದೆವು. ನಮ್ಮವರ ಫೋನು ಹೊಡೆಯಿತು. ಲಾರಿಯವನು. ಗಾಳಿಯ ಸದ್ದು, ದೋಣಿಯ ಇಂಜಿನ್ನಿನ ಸದ್ದು. ಅವನು ಏನನ್ನೂ ಹೇಳದೆ ಕೂಗಲು ಶುರು ಮಾಡಿದ. "ಒಂದು! ಎರಡು! ಮೂರು!" ನಮ್ಮವರು ಫೋನನ್ನು ನನ್ನ ಕಿವಿಗೆ ಇಟ್ಟರು. ಹತ್ತು. ಹನ್ನೊಂದು. ಹನ್ನೆರಡು. ಅವನು ನಿಂತ. ಎಂದಿನ ಆ ಮೌನ.

"ಹದಿಮೂರು!"

ಚಪ್ಪಾಳೆಯೂ ಕೇಳಿಸಿತು. ಅದರ ಹಿಂದೆಯೇ ಆ ನಗು.

ಕೈಯಲ್ಲಿದ್ದ ರೊಟ್ಟಿ ಯಾವಾಗ ಮಣ್ಣಿಗೆ ಬಿತ್ತೋ ತಿಳಿಯದು. ನಮ್ಮಿಬ್ಬರ ನಡುವಿನ ಭಾಷೆ ಅರ್ಧ ಸ್ವಾಹಿಲಿ, ಅರ್ಧ ಕೈಸನ್ನೆ. ಫೋನಿನಲ್ಲಿ ಕೈಸನ್ನೆ ನಡೆಯುವುದಿಲ್ಲ. ಆದರೂ ಇಬ್ಬರೂ ಕೈ ಆಡಿಸಿಯೇ ಮಾತಾಡಿದೆವೆಂದು ಆಮೇಲೆ ಎರಡೂ ಕಡೆಯ ಸಾಕ್ಷಿಗಳು ಹೇಳಿದರು. ತಿಳಿದದ್ದಿಷ್ಟು. ಅವಳು ಓಣಿಗೆ ಹೋದಾಗ ಮುದುಕಿ ಬಾಗಿಲಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳಂತೆ, ಊರಿಗೆ ಊರೇ ಓಡುತ್ತಿದ್ದರೂ ಒಂದು ಸದ್ದೂ ಕೇಳದೆ. ಅವಳನ್ನು ಬೆನ್ನ ಮೇಲೆ ಹೊತ್ತು, ಗಡಿಗೆ ದಾರಿ ಸಿಗದೆ, ಎಲ್ಲರೂ ಓಡಿದ ದಿಕ್ಕಿಗೆ ಬೆನ್ನು ಹಾಕಿ ಪಶ್ಚಿಮಕ್ಕೆ ನಡೆದಿದ್ದಾಳೆ. ಫೋನು ದಾರಿಯಲ್ಲಿ ಕಳೆಯಿತು. ದೋಣಿ ಶುರುವಾದ ಮೇಲೆ ದಕ್ಷಿಣದ ಪಟ್ಟಣಕ್ಕೆ ಬಂದು ಈಗ ಮೀನು ಒಣಗಿಸುವ ಕೆಲಸ.

ನಾನು ಕ್ಷಮೆ ಕೇಳಿದೆ. ಮುಗಿಯಿತೆಂದು ನಾನು ಹೇಳಿದ್ದರಿಂದಲೇ ನೀನು ಹೋದೆ ಎಂದೆ.

"ನೀನು ಹೇಳಿದ್ದಕ್ಕೆ ಹೋದೆನೇ?" ಎಂದಳು, ನಿಜವಾಗಿ ಅಚ್ಚರಿಪಟ್ಟವಳಂತೆ. "ನೀನು ಹತ್ತು ಎಣಿಸುವಾಗಲೇ ನಾನು ಬುಟ್ಟಿ ತೆಗೆದುಕೊಂಡಿದ್ದೆ. ಅಲ್ಲಿ ನನ್ನ ತಾಯಿ ಇದ್ದಳು, ಅಕ್ಕ." ಆಮೇಲೆ ಸಸಿಮಡಿಯ ಮೆಣಸಿನ ಗಿಡಗಳೇನಾದವು ಎಂದು ಕೇಳಿದಳು. ಗೊತ್ತಿಲ್ಲವೆಂದೆ. ಬೀಜ ಕಳಿಸು ಎಂದಳು.

ಆ ರಾತ್ರಿಯ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ. ಊಟ ಮಾಡಿ ಮಲಗಿದ್ದಷ್ಟೇ ಗೊತ್ತು. ಮರುದಿನ ಬೆಳಿಗ್ಗೆ ಆರಕ್ಕೆ ನಮ್ಮ ಹೊಲಕ್ಕೆ ಕಾಲುವೆ ನೀರಿನ ಪಾಳಿ ಇತ್ತು. ಕಟ್ಟಕಡೆಯ ಹೊಲಕ್ಕೆ ಪಾಳಿ ಬರುವುದೇ ಅಪರೂಪ. ತಪ್ಪಿಸಿದರೆ ಮತ್ತೆ ಎಂಟು ದಿನ ಕಾಯಬೇಕು. ನಾವು ಎದ್ದಾಗ ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಎಬ್ಬಿಸಬಾರದೇ ಎಂದು ಅತ್ತೆಯ ಮೇಲೆ ರೇಗಿದೆ.

"ಎಬ್ಬಸಾಕ ಬಂದಿದ್ದೆ. ಇಬ್ಬರೂ ಬಾಯಿ ತಕ್ಕೊಂಡು ಗೊರಕಿ ಹೊಡ್ಯಾಕತ್ತಿದ್ರಿ. ಒಬ್ಬರೂ ಎಣಸಾಕತ್ತಿದ್ದಿಲ್ಲ. ಸಲಿಕಿ ತಗೊಂಡು ನಾನ ಹೋಗಿ ನೀರು ತಿರುವಿ ಬಂದೀನಿ, ನಡೀರಿ, ಮಾರಿ ತೊಳಕೊಳ್ರಿ."

ನಮ್ಮವರು ಗಾಬರಿಯಿಂದ ಪುಸ್ತಕ ಹುಡುಕಿ ತೆರೆದು ಕೇಳಿದರು, "ಯವ್ವಾ, ಏಟು ಹೊತ್ತಿಗೆ ಬಿಟ್ಟಿ ನೀರು?"

"ನನ್ನ ಕೈಯಾಗ ಗಡಿಯಾರ ಅದೇನೋ? ನೀರು ಬಂತು, ಬಿಟ್ಟೆ."

ಅವರು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದರು. ಕೊನೆಗೆ ತಾರೀಖು ಹಾಕಿ, ನೀರು ಬಿಟ್ಟ ಹೊತ್ತು ಎಂಬುದರ ಮುಂದೆ ದುಂಡಗೆ ಬರೆದರು: "ಮಲಗಿದ್ದೆವು."